ನಕಲಿ ನಮಸ್ಕಾರಗಳ ರಾಜಧಾನಿ

"ಸಾವಿರ ಮೆಸೇಜು ಕಳಿಸಿ. ಹತ್ತು ಉತ್ತರ ಬರುತ್ತೆ. ಹತ್ತರಲ್ಲಿ ಒಬ್ಬ ಕ್ಲೈಂಟ್ ಆಗ್ತಾನೆ." ಗುರುಗ್ರಾಮದ ಸೈಬರ್ ಸಿಟಿಯಿಂದ ನೊಯ್ಡಾದ ಸೆಕ್ಟರ್ 62ರವರೆಗೆ, ಸ್ವಂತವಾಗಿ ಕನ್ಸಲ್ಟಿಂಗ್ ಶುರು ಮಾಡಲು ಹೊರಟವರ ಕಿವಿಗೆ ಮೊದಲು ಬೀಳುವ ಉಪದೇಶ ಇದು. ವಾರಾಂತ್ಯದ ತರಬೇತಿಗಳಲ್ಲಿ ಇದನ್ನೇ ಹೇಳಿಕೊಡುತ್ತಾರೆ. ಕೋ-ವರ್ಕಿಂಗ್ ಕಚೇರಿಯ ಕಾಫಿ ಯಂತ್ರದ ಮುಂದೆ ನಿಂತವರೂ ಇದನ್ನೇ ಒಪ್ಪಿಸುತ್ತಾರೆ. ಹೇಳುವವರಿಗೆ ಅನುಮಾನವಿಲ್ಲ, ಕೇಳುವವರಿಗೆ ಪ್ರಶ್ನೆಯಿಲ್ಲ. ಎಲ್ಲವೂ ಸಂಖ್ಯೆಯ ಆಟವಂತೆ.

ಹಾಗಾದರೆ ಉತ್ತರ ಕೊಡದ ಆ 990 ಜನ ಎಲ್ಲಿ ಹೋದರು? ಈ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಕಾಲಮ್ಮೇ ಇಲ್ಲ. ನೂರು ಕಲ್ಲು ಬೀಸಿದರೆ ಒಂದು ಮಾವಾದರೂ ಬಿದ್ದೀತು ಎನ್ನುವವನಿಗೆ ಆ ಮರ ಇನ್ನೊಬ್ಬರ ಹಿತ್ತಲಿನದು, ಉಳಿದ 99 ಕಲ್ಲು ಅವರ ಹೆಂಚಿನ ಮೇಲೆ ಬಿದ್ದಿವೆ ಎಂಬುದು ಹೊಳೆಯುವುದೇ ಇಲ್ಲ. ಹೊಳೆದರೂ ಅವನು ಮಾಡುವುದು ಇಷ್ಟೇ: ಮುಂದಿನ ಸಾಲಿನ ಮನೆಗೆ ಹೋಗಿ ಇನ್ನೂ ನೂರು ಬೀಸುತ್ತಾನೆ.

ಕಲ್ಲಿನ ಆಕಾರ ಎಲ್ಲರಿಗೂ ಪರಿಚಿತ. "ಹಾಯ್" ಎಂದು ಶುರುವಾಗುತ್ತದೆ. ನಿಮ್ಮ ಪಯಣ ಸ್ಫೂರ್ತಿದಾಯಕ ಎನ್ನುತ್ತದೆ. ನಿಮ್ಮಂಥ ಸಂಸ್ಥೆಗಳ ಮಾರಾಟ ಮೂರು ಪಟ್ಟು ಮಾಡಿಕೊಟ್ಟಿದ್ದೇವೆ ಎನ್ನುತ್ತದೆ, ಯಾವ ಸಂಸ್ಥೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಕೊನೆಗೆ 15 ನಿಮಿಷದ ಒಂದು ಕಾಲ್ ಕೇಳುತ್ತದೆ. ಹೆಸರಿನ ಜಾಗ ತುಂಬುವುದು ಸಾಫ್ಟ್‌ವೇರು. ನಮ್ಮವರ ಹೆಸರು ಅದರ ಕೈಗೆ ಸಿಕ್ಕರೆ ಫಜೀತಿ: ಇನಿಷಿಯಲ್ಲಿನಲ್ಲಿ ಊರು, ಅಪ್ಪನ ಹೆಸರು ಎರಡನ್ನೂ ಇಟ್ಟುಕೊಂಡವರಿಗೆ "ಹಾಯ್ ಎಚ್" ಎಂದೋ, ಊರಿನ ಹೆಸರನ್ನು ಪೂರ್ತಿ ಬರೆದುಕೊಂಡವರಿಗೆ "ಹಾಯ್ ಹೊಳೆನರಸೀಪುರ" ಎಂದೋ ಆತ್ಮೀಯ ಸಂಬೋಧನೆ ಬಂದು ಬೀಳುತ್ತದೆ. ಊರಿಗೆ ಊರನ್ನೇ ಏಕವಚನದಲ್ಲಿ ಮಾತನಾಡಿಸುವ ಈ ಸಲಿಗೆಗೆ "ಪರ್ಸನಲೈಸೇಶನ್" ಎಂಬ ಗೌರವದ ಹೆಸರು ಬೇರೆ. ಗೇಟಿನ ಕಾವಲುಗಾರನನ್ನೂ "ಭಾಯಿ ಸಾಹೇಬ್" ಎಂದು ಕರೆಯುವ ಊರು ದೆಹಲಿ. ಅಲ್ಲಿ ಒಖ್ಲಾದ ಅರವತ್ತು ದಾಟಿದ ಗಾರ್ಮೆಂಟ್ ರಫ್ತುದಾರರಿಗೆ ಇಪ್ಪತ್ತೈದರ ಹುಡುಗ "ಹೇ ರಾಜೇಶ್" ಎಂದು ಬರೆದು ಕೆಲಸ ಕೇಳುತ್ತಾನೆ. ಎದುರಿಗೆ ನಿಂತು ಹಾಗೆ ಕರೆಯುವ ಧೈರ್ಯ ಅವನಿಗಿದೆಯೇ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ದಂಧೆಗೆ ರೆಕ್ಕೆ ಬಂತು. ಅಲ್ಲಿಯವರೆಗೆ ಹೊಗಳಿಕೆಯನ್ನು ಕೈಯಾರೆ ಬರೆಯುವಷ್ಟಾದರೂ ಶ್ರಮವಿತ್ತು. ಈಗ ಯಂತ್ರವೇ ಗುರಿಯಾದವರ ಪ್ರೊಫೈಲು ಓದಿ, ಅವರ ಹಿಂದಿನ ವಾರದ ಪೋಸ್ಟಿನಿಂದ ಒಂದು ಸಾಲು ಎತ್ತಿ, "ಇದನ್ನು ಓದಿ ಬೆರಗಾದೆ" ಎಂದು ಬರೆದುಕೊಡುತ್ತದೆ. ಬೆರಗಾದವರು ಯಾರು? ಕಳಿಸಿದವನು ಆ ಪೋಸ್ಟನ್ನು ನೋಡಿಯೇ ಇಲ್ಲ. ತಾನು ಯಾರಿಗೆ ಬೆರಗಾದೆ ಎಂಬುದೂ ಅವನಿಗೆ ಗೊತ್ತಿಲ್ಲ. ಸಲಹೆಗಾರ ಮಾರುವುದು ತನ್ನ ತೀರ್ಮಾನಶಕ್ತಿಯನ್ನು, ತನ್ನ ಪ್ರಾಮಾಣಿಕತೆಯನ್ನು. ಮೊದಲ ವಾಕ್ಯದಲ್ಲೇ ಸುಳ್ಳು ಹೇಳಿದವನಿಗೆ ಕಾರ್ಖಾನೆಯ ಲೆಕ್ಕಪತ್ರ ಬಿಚ್ಚಿ ತೋರಿಸಬೇಕೆಂದು ಯಾವ ಮಾಲೀಕನಿಗೆ ಅನಿಸೀತು?

ಇನ್ನು ಫಾಲೋಅಪ್. ಮೂರು ದಿನಕ್ಕೆ ಒಂದು, ವಾರಕ್ಕೆ ಇನ್ನೊಂದು, ಹದಿನೈದನೆಯ ದಿನಕ್ಕೆ ಮತ್ತೊಂದು. "ನನ್ನ ಹಿಂದಿನ ಮೇಲ್ ಕಣ್ತಪ್ಪಿರಬಹುದು" ಎಂಬ ವಿನಯ. ಕಡೆಯದರಲ್ಲಿ ತಮಾಷೆ: ನಿಮಗೆ ಆಸಕ್ತಿ ಇಲ್ಲದಿದ್ದರೆ 1, ಬಿಡುವಿಲ್ಲದಿದ್ದರೆ 2, ಮೊಸಳೆ ಬಾಯಿಗೆ ಸಿಕ್ಕಿಬಿದ್ದಿದ್ದರೆ 3 ಎಂದು ಉತ್ತರಿಸಿ. ಪಶ್ಚಿಮದಲ್ಲಿ ಎಂದೋ ಹಳಸಿಹೋದ ಈ ಜೋಕನ್ನು ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದ, ಅಂದರೆ ಎನ್‌ಸಿಆರ್‌ನ, ತರಬೇತಿಗಳಲ್ಲಿ ಇಂದಿಗೂ ರಹಸ್ಯಾಸ್ತ್ರದಂತೆ ಹಂಚಲಾಗುತ್ತಿದೆ. ಸುಮ್ಮನಿರುವುದೂ ಒಂದು ಉತ್ತರ ಎಂಬ ಸಾಮಾನ್ಯ ತಿಳಿವಳಿಕೆಯನ್ನು ತೆಗೆದುಹಾಕುವುದೇ ಈ ಪಾಠದ ಮೊದಲ ಹೆಜ್ಜೆ.

ಹೋಗಲಿ, ಮರ್ಯಾದೆಯ ಮಾತು ಬೇಡ, ಲಾಭದ ಮಾತೇ ಆಡೋಣ ಎನ್ನುವವರಿಗೆ ಗೂಗಲ್‌ನ ಲೆಕ್ಕ ಇದೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ರಾಶಿ ಇಮೇಲ್ ಕಳಿಸುವವರಿಗೆ ಹೊಸ ನಿಯಮ ತಂದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರು ತಮ್ಮ ಗುರುತನ್ನು ತಾಂತ್ರಿಕವಾಗಿ ಸಾಬೀತು ಮಾಡಬೇಕು, ಪ್ರಚಾರದ ಮೇಲುಗಳಲ್ಲಿ ಒಂದೇ ಕ್ಲಿಕ್ಕಿಗೆ ಪಟ್ಟಿಯಿಂದ ಹೊರಬರುವ ದಾರಿ ಕೊಡಬೇಕು. ಸಣ್ಣವರು ದೊಡ್ಡವರು ಎನ್ನದೆ ಎಲ್ಲರಿಗೂ ಅನ್ವಯಿಸುವ ಸೂಚನೆ ಇನ್ನೊಂದಿದೆ: "ಇದು ಸ್ಪ್ಯಾಮ್" ಎಂಬ ದೂರಿನ ಪ್ರಮಾಣ ಶೇ 0.3 ಮುಟ್ಟಕೂಡದು, ಶೇ 0.1ರ ಕೆಳಗಿದ್ದರೆ ಕ್ಷೇಮ. ಅಂದರೆ ಸಾವಿರಕ್ಕೆ ಮೂರು ದೂರು. ತರಬೇತುದಾರ ಸಾವಿರದಲ್ಲಿ ಹತ್ತು ಉತ್ತರ ಎಣಿಸುತ್ತಿದ್ದಾನೆ, ಗೂಗಲ್ ಅದೇ ಸಾವಿರದಲ್ಲಿ ಸಿಟ್ಟಾದ ಮೂವರನ್ನು ಎಣಿಸುತ್ತಿದೆ. ಫರೀದಾಬಾದಿನ ಎಷ್ಟೋ ಸಣ್ಣ ಕಾರ್ಖಾನೆಗಳ ಬೋರ್ಡಿನ ಮೇಲೆ ಇವತ್ತಿಗೂ ಜಿಮೇಲ್ ವಿಳಾಸವೇ ಇರುವುದರಿಂದ ಈ ಎರಡನೆಯ ಲೆಕ್ಕ ಬರೀ ಕಾಗದದ ಮೇಲಿನದಲ್ಲ. ಮೂವರು ಮುನಿಸಿಕೊಂಡರೆ ಆ ವಿಳಾಸದಿಂದ ಮುಂದೆ ಹೋಗುವ ಬಿಲ್ಲು, ಕೊಟೇಶನ್ನು, ಹಳೆಯ ಕ್ಲೈಂಟಿಗೆ ಬರೆದ ಹಬ್ಬದ ಶುಭಾಶಯ ಎಲ್ಲವೂ ಸ್ಪ್ಯಾಮ್ ಡಬ್ಬಿಗೆ ಬೀಳುವ ಅಪಾಯ. ಇದಕ್ಕೂ ಗುರುಗಳ ಬಳಿ ಮದ್ದಿದೆ: ಹತ್ತು ಹೊಸ ಡೊಮೇನ್ ಕೊಂಡುಕೊಳ್ಳಿ! ಊರು ಬಿಡಿಸಿದರೆ ವೇಷ ಬದಲಿಸಿ ಬನ್ನಿ ಎನ್ನುವ ಈ ಸಲಹೆಯನ್ನು ಹಣ ಕೊಟ್ಟು ಕೇಳುವವರಿದ್ದಾರೆ.

ಲಿಂಕ್ಡ್‌ಇನ್ 2021ರಲ್ಲಿ ಪರಿಚಯದ ಕೋರಿಕೆಗಳಿಗೆ ವಾರದ ಮಿತಿ ಹಾಕಿತು. ತಾನೇ ತಾನಾಗಿ ಮೆಸೇಜು ಕಳಿಸುವ ಬಾಟ್‌ಗಳನ್ನು ಅದರ ಕರಾರು ನಿಷೇಧಿಸುತ್ತದೆ. ಫೋನಿಗೆ ಬಂದರೆ, ದೆಹಲಿಯಲ್ಲೇ ಕೂತಿರುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರ ವಾಣಿಜ್ಯ ಸಂದೇಶ ನಿಯಮಗಳನ್ನು 2025ರ ಫೆಬ್ರುವರಿಯಲ್ಲಿ ಬಿಗಿ ಮಾಡಿದೆ. ನೋಂದಣಿ ಇಲ್ಲದ ಹತ್ತಂಕಿಯ ನಂಬರಿನಿಂದ ಪ್ರಚಾರದ ಕರೆ, ಎಸ್ಸೆಮ್ಮೆಸ್ ಮಾಡಿ ಹತ್ತು ದಿನದಲ್ಲಿ ಐದು ದೂರು ಬಂದರೆ ಕ್ರಮಕ್ಕೆ ಅಷ್ಟು ಸಾಕು. ಮತ್ತೆ ಮತ್ತೆ ಸಿಕ್ಕಿಬಿದ್ದವನ ಸಂಪರ್ಕಗಳೆಲ್ಲ ಒಂದು ವರ್ಷ ಬಂದ್. ಇಮೇಲ್ ಸ್ಪ್ಯಾಮಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯಿದೆ ಇಲ್ಲ, ನಿಜ. ಅಮೆರಿಕ 2003ರಲ್ಲೇ ಒಂದು ಮಾಡಿಕೊಂಡಿತು. ಕಾಯಿದೆ ಇಲ್ಲದಿರುವುದನ್ನೇ ಅನುಮತಿ ಎಂದುಕೊಂಡವರು ವ್ಯಕ್ತಿಗತ ಮಾಹಿತಿ ರಕ್ಷಣೆಯ 2023ರ ಕಾಯಿದೆಯನ್ನೂ, ಅದಕ್ಕೆ 2025ರ ನವೆಂಬರಿನಲ್ಲಿ ಹೊರಬಿದ್ದ ನಿಯಮಗಳನ್ನೂ ಒಮ್ಮೆ ಓದಿಕೊಳ್ಳಲಿ. "ಎನ್‌ಸಿಆರ್ ಎಂಡಿಗಳ ಪಟ್ಟಿ" ಎಂದು ಎಕ್ಸೆಲ್ ಫೈಲು ಕೊಂಡಿಟ್ಟುಕೊಂಡವರಂತೂ ಎರಡು ಸಲ ಓದಲಿ.

ಸಂಖ್ಯಾವಾದಿಗಳಿಗೆ ಒಂದು ಪುರಾಣವೂ ಇದೆ. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನ ಗ್ಯಾರಿ ಥರ್ಕ್, ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದರು. ಅದೇ ಜಗತ್ತಿನ ಮೊದಲ ಸ್ಪ್ಯಾಮ್ ಎಂದು ಪ್ರಸಿದ್ಧ. ಕೋಟಿಗಟ್ಟಲೆ ವ್ಯಾಪಾರವಾಯಿತು ಎಂದು ಆಮೇಲೆ ಅವರು ಹೇಳಿಕೊಂಡರು; ತರಬೇತಿಗಳಲ್ಲಿ ನೆನಪಿರುವುದು ಇಷ್ಟೇ ಭಾಗ. ಆ 400 ಜನ ಕಂಪ್ಯೂಟರ್ ಕೆಲಸದವರೇ ಆಗಿದ್ದರು, ಅಮೆರಿಕದ ಪಶ್ಚಿಮ ಕರಾವಳಿಯವರಾಗಿದ್ದರು, ಕರೆದದ್ದು ಅವರ ಸಮೀಪದಲ್ಲೇ ನಡೆಯುವ ಹೊಸ ಯಂತ್ರದ ಪ್ರದರ್ಶನಕ್ಕೆ. ಗುರಿ ಇಷ್ಟು ಸರಿಯಾಗಿದ್ದರೂ ಜನ ರೇಗಿದರು, ಜಾಲದ ಆಡಳಿತದಿಂದ ಛೀಮಾರಿ ಬಂತು. ಗುರುತು ಪರಿಚಯವಿಲ್ಲದವರಿಗೆಲ್ಲ "ನಿಮ್ಮ ಬಿಸಿನೆಸ್ ಬೆಳೆಸುತ್ತೇವೆ" ಎಂದು ಬರೆಯುವವರು ಯಾವ ಮುಖ ಇಟ್ಟುಕೊಂಡು ಥರ್ಕ್ ಹೆಸರು ಹೇಳುತ್ತಾರೋ.

ಇದೇ ದೆಹಲಿಯಲ್ಲಿ, ಪೂರ್ವದ ಲಕ್ಷ್ಮೀನಗರದ ಕೋಚಿಂಗ್ ಗಲ್ಲಿಗಳಲ್ಲಿ, ಸಿಎ ಪರೀಕ್ಷೆಗೆ ಕೂರುವ ಸಾವಿರಾರು ಹುಡುಗ ಹುಡುಗಿಯರು ಬೇರೆಯೇ ಪಾಠ ಕಲಿಯುತ್ತಾರೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಮೊದಲ ಅನುಸೂಚಿಯ ಆರನೆಯ ಕಲಮಿನ ಪ್ರಕಾರ ಸುತ್ತೋಲೆಯಿಂದಾಗಲಿ, ಜಾಹೀರಾತಿನಿಂದಾಗಲಿ, ಖಾಸಗಿ ಪತ್ರದಿಂದಾಗಲಿ, ಭೇಟಿಯಿಂದಾಗಲಿ ಕಕ್ಷಿದಾರರನ್ನು ಕೋರುವುದು ವೃತ್ತಿಯ ದುರ್ನಡತೆ. ವಕೀಲರಿಗೆ ಬಾರ್ ಕೌನ್ಸಿಲ್‌ನ 36ನೆಯ ನಿಯಮ ಹೀಗೆಯೇ ಕಟ್ಟುನಿಟ್ಟು. ಈ ನಿಷೇಧಗಳ ವಿರುದ್ಧ ಗೊಣಗುವವರಿದ್ದಾರೆ, ಅವರ ಗೊಣಗಾಟದಲ್ಲಿ ಹುರುಳೂ ಇರಬಹುದು. ಆದರೆ ಒಂದು ಪ್ರಶ್ನೆಗೆ ಸಂಖ್ಯಾವಾದಿಗಳು ಉತ್ತರಿಸಬೇಕು. ಸಾವಿರ ಕಳಿಸದಿದ್ದರೆ ಕನ್ಸಲ್ಟಿಂಗ್ ಬದುಕುವುದಿಲ್ಲವೆಂದರೆ, ಒಂದನ್ನೂ ಕಳಿಸುವಂತಿಲ್ಲದ, ಸ್ವಂತ ವೃತ್ತಿ ನಡೆಸುವ ಸಿಎಗಳು ಎಪ್ಪತ್ತು ವರ್ಷದಿಂದ ಹೇಗೆ ಬದುಕಿದ್ದಾರೆ?

ರಾಜಧಾನಿಯ ಅತಿದೊಡ್ಡ ಕ್ಲೈಂಟ್ ಸರ್ಕಾರ. ಸಚಿವಾಲಯವೊಂದು ಸಲಹೆಗಾರರನ್ನು ಹಿಡಿಯಲು 2017ರ ಸಾಮಾನ್ಯ ಹಣಕಾಸು ನಿಯಮಗಳ ದಾರಿ ಹಿಡಿಯಬೇಕು. ಆ ನಿಯಮಗಳಲ್ಲಿ ಗೊತ್ತುಮಾಡಿದ ಮೊತ್ತ ದಾಟುವ ಕೆಲಸಕ್ಕೆ ಆಸಕ್ತರನ್ನು ಬಹಿರಂಗವಾಗಿ ಆಹ್ವಾನಿಸಬೇಕೆಂದಿದೆ. ಅಲ್ಲಿನ ಜಂಟಿ ಕಾರ್ಯದರ್ಶಿಗೆ ಲಿಂಕ್ಡ್‌ಇನ್‌ನಲ್ಲಿ "15 ನಿಮಿಷ ಸಿಗಬಹುದೇ" ಎಂದು ಕೇಳುವವರು ಟೆಂಡರಿನ ಪುಟ ತೆರೆದು ನೋಡಲು ಅದೇ 15 ನಿಮಿಷ ಖರ್ಚು ಮಾಡಿದ್ದರೆ ಸಾಕಿತ್ತು.

ಸಂಖ್ಯಾವಾದದ ಪರ ಕೇಳಿಬರುವ ಒಂದೇ ಗಂಭೀರ ಮಾತೆಂದರೆ ಸಮಾನತೆಯದು. ದೆಹಲಿ ನಡೆಯುವುದು ಪರಿಚಯದ ಮೇಲೆ. ಲೋದಿ ರಸ್ತೆಯ ಹ್ಯಾಬಿಟಾಟ್ ಸೆಂಟರಿನ ಊಟದ ಮೇಜಿನಲ್ಲಿ, ಉದ್ಯಮಿಗಳ ಒಕ್ಕೂಟ ಫಿಕ್ಕಿಯ ಸಭಾಂಗಣದಲ್ಲಿ, ಒಂದೇ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗದಲ್ಲಿ ಕೆಲಸಗಳು ಕೈ ಬದಲಾಗುತ್ತವೆ. ಧಾರವಾಡದಿಂದಲೋ ತುಮಕೂರಿನಿಂದಲೋ ಬಂದು ಇಂದಿರಾಪುರಂನಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಈ ಮೇಜುಗಳ ಹತ್ತಿರ ಕುರ್ಚಿ ಇಲ್ಲ. ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘದಲ್ಲಿ ನಾಲ್ಕು ಮಂದಿ ಊರಿನವರು ಸಿಕ್ಕಾರು, ಕ್ಲೈಂಟ್ ಸಿಗುವುದು ಅದೃಷ್ಟ. ಅಪರಿಚಿತರಿಗೆ ಬರೆಯುವ ಪತ್ರವೊಂದೇ ಅಂಥವರಿಗಿರುವ ಬಾಗಿಲು. ಅದನ್ನೂ ಬಯ್ಯುತ್ತೀರಾ ಎಂದು ಕೇಳುತ್ತಾರೆ.

ಆ ಬಾಗಿಲು ಮುಚ್ಚಿಸಿದವರು ಯಾರು? ದಿನಕ್ಕೆ ಐವತ್ತು ನಕಲಿ ನಮಸ್ಕಾರ ಕಂಡ ಮಾಲೀಕ ಐವತ್ತೊಂದನೆಯದನ್ನು ಓದುತ್ತಾನೆಯೇ? ಆ ಐವತ್ತೊಂದನೆಯದು ನಿಜವಾಗಿ ಕೆಲಸ ಬಲ್ಲ, ಯಾರ ಬಳಗಕ್ಕೂ ಸೇರದ ಹುಡುಗಿಯದಾಗಿದ್ದರೆ ಅವಳ ಗತಿಯೇನು? ಪರಿಚಯ ಇದ್ದವರಿಗೆ ಈ ಪ್ರವಾಹದಿಂದ ಕೂದಲೂ ಕೊಂಕುವುದಿಲ್ಲ. ಅವರು ಫೋನ್ ಎತ್ತಿ "ಜೀ, ಒಬ್ಬರನ್ನು ಕಳಿಸ್ತಿದ್ದೀನಿ" ಎಂದರೆ ಮುಗಿಯಿತು. ಅಪರಿಚಿತರ ಪತ್ರವೆಲ್ಲ ಕಸ ಎಂದು ಊರಿಗೆ ಊರೇ ತೀರ್ಮಾನಿಸಿದಷ್ಟೂ ಹಳೆಯ ಬಳಗಗಳ ಬೆಲೆ ಏರುತ್ತದೆ. ಸಮಾನತೆಯ ಹೆಸರು ಹೇಳಿಕೊಂಡು ಬಡವನ ಒಂದೇ ಬಾಗಿಲಿಗೆ ಕಸ ಸುರಿದು ಮುಚ್ಚಿದವರೇ ಇವತ್ತು ಬಡವನ ಪರವಾಗಿ ವಾದಿಸುತ್ತಿದ್ದಾರೆ. ಈ ಲೇಖನದ ಮುಖ್ಯ ಆರೋಪ ಇದೇ, ಉಳಿದವೆಲ್ಲ ಇದಕ್ಕೆ ಪೀಠಿಕೆ.

ಲಾಭ ಯಾರಿಗೆ ಎಂದು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ಪಟ್ಟಿ ಮಾರುವವನಿಗೆ ಮೊದಲೇ ದುಡ್ಡು ಸಿಕ್ಕಿದೆ. ಸಾಫ್ಟ್‌ವೇರಿನ ಚಂದಾ ತಿಂಗಳು ತಿಂಗಳು ಕಟ್ ಆಗುತ್ತದೆ. ತರಬೇತುದಾರನ ಶುಲ್ಕ ವಾಪಸಿಲ್ಲ. ಕ್ಲೈಂಟ್ ಸಿಗಲಿಲ್ಲ ಎಂದು ಶಿಷ್ಯ ದೂರಿದರೆ ಉತ್ತರ ಸಿದ್ಧವಿದೆ: ನೀವು ಸಾಕಷ್ಟು ಕಳಿಸಲಿಲ್ಲ. ಸೋಲಿಗೆ ಸೋತವನೇ ಕಾರಣ, ಗೆದ್ದರೆ ಗುರುವಿನ ಕೃಪೆ. ಇಂಥ ಸಿದ್ಧಾಂತವನ್ನು ಸುಳ್ಳೆಂದು ತೋರಿಸುವುದಾದರೂ ಹೇಗೆ?

ಕನ್ನಡಿಗರಿಗೆ ಕನ್ಸಲ್ಟಿಂಗ್ ಹೊಸ ವೃತ್ತಿಯೇನಲ್ಲ. ಎಂ. ವಿಶ್ವೇಶ್ವರಯ್ಯ ಮುಂಬೈ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದಾಗ, 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋಯಿತು. ನಿಜಾಮರ ಸರ್ಕಾರ ಅವರನ್ನು ಹುಡುಕಿಕೊಂಡು ಹೋಗಿ ವಿಶೇಷ ಸಲಹಾ ಎಂಜಿನಿಯರ್ ಆಗಿ ಕರೆಸಿಕೊಂಡಿತು. ಮುಂದೆ 1922ರಲ್ಲಿ ನವದೆಹಲಿ ಕಟ್ಟೋಣದ ವಿಚಾರಣಾ ಸಮಿತಿಯಲ್ಲೂ ಅವರಿದ್ದರು. "ಎಲ್ಲರೂ ವಿಶ್ವೇಶ್ವರಯ್ಯ ಆಗೋಕಾಗುತ್ತಾ ಸ್ವಾಮಿ?" ಎಂಬ ಗೇಲಿ ಇಲ್ಲಿ ಬಂದೇ ಬರುತ್ತದೆ. ಆಗಬೇಕಿಲ್ಲ. ಆದರೆ ಅವರ ಹೆಸರಿಗಿಂತ ಮೊದಲು ಹೈದರಾಬಾದಿಗೆ ಮುಟ್ಟಿದ್ದು ಅವರ ಕೆಲಸ: 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ಸಕ್ಕರ್‌ನ ನೀರು ಸರಬರಾಜು, 1906ರ ಏಡನ್ ವರದಿ. ಹೊಸಬರೂ ತಮ್ಮ ಅಳತೆಯ ಒಂದು ಖಡಕ್‌ವಾಸ್ಲಾವನ್ನು ತೋರಿಸಬಹುದು. ಅದನ್ನು ಯಾರಿಗೆ, ಯಾವ ಹೊತ್ತಿನಲ್ಲಿ ತೋರಿಸಬೇಕು ಎಂದು ಯೋಚಿಸುವುದರಲ್ಲೇ ಪತ್ರದ ಮುಕ್ಕಾಲು ಕೆಲಸ ಮುಗಿಯುತ್ತದೆ.

ಒಂದು ಉದಾಹರಣೆ ನೋಡಿ. ದೆಹಲಿಯಿಂದ ಎಪ್ಪತ್ತು ಕಿಲೋಮೀಟರ್ ದೂರದ ರೋಹ್ತಕ್ ಎನ್‌ಸಿಆರ್‌ಗೆ ಸೇರಿದ ಊರು, ನಟ್ಟು ಬೋಲ್ಟಿಗೆ ಹೆಸರುವಾಸಿ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ತೆರಿಗೆಯ ಪಟ್ಟಿಯಲ್ಲಿ ಉಕ್ಕಿನ ತಿರುಪು, ನಟ್ಟು, ಬೋಲ್ಟುಗಳೂ ಇವೆ. 2023ರ ಅಕ್ಟೋಬರಿನಿಂದ ವರದಿ ಕೊಡುವ ಹಂತ ನಡೆದು, 2026ರ ಜನವರಿ 1ರಿಂದ ಪೂರ್ಣ ವ್ಯವಸ್ಥೆ ಜಾರಿಗೆ ಬಂದಿದೆ. ಕಾರ್ಖಾನೆಯ ನಿಜವಾದ ಅಂಕಿ ಕೊಡದಿದ್ದರೆ ಯುರೋಪಿನವರು ತಾವೇ ಗೊತ್ತುಮಾಡಿದ ಅಂಕಿ ಹಚ್ಚುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ. ಬೋಲ್ಟಿನ ಲೆಕ್ಕದಲ್ಲಿ ದೊಡ್ಡ ಪಾಲು ಅದಕ್ಕೆ ಬಳಸಿದ ವೈರ್ ರಾಡಿನದು. ಆ ಅಂಕಿ ಉಕ್ಕಿನ ಗಿರಣಿಯಿಂದ ಬರಬೇಕು. ಈ ವಿಷಯ ಬಲ್ಲ ಸಲಹೆಗಾರ ರೋಹ್ತಕ್‌ನ ಒಬ್ಬ ರಫ್ತುದಾರರಿಗೆ ಎಂಟು ಸಾಲು ಬರೆಯಲಿ: ನೀವು ಯುರೋಪಿಗೆ ಬೋಲ್ಟ್ ಕಳಿಸುತ್ತೀರಿ ಎಂದು ನಿಮ್ಮ ಕ್ಯಾಟಲಾಗಿನಲ್ಲಿ ನೋಡಿದೆ, ನಿಮ್ಮ ವೈರ್ ರಾಡ್ ಸರಬರಾಜುದಾರರಿಂದ ಇಂಗಾಲದ ಅಂಕಿ ಬಂದಿದೆಯೇ, ಬಂದಿಲ್ಲದಿದ್ದರೆ ಅವರನ್ನು ಕೇಳಬೇಕಾದ ಪ್ರಶ್ನೆಗಳ ಒಂದು ಪುಟ ಇದರ ಜೊತೆಗಿದೆ, ನನ್ನನ್ನು ಕರೆಯದಿದ್ದರೂ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ಕೆಳಗೆ ಪೂರ್ತಿ ಹೆಸರು, ಫೋನ್ ನಂಬರು, ಹಿಂದೆ ಮಾಡಿದ ಒಂದು ಕೆಲಸದ ವಿವರ. ಮೂರು ಪಟ್ಟು ಮಾರಾಟದ ಆಣೆ ಇಲ್ಲ, ಬೆರಗಿಲ್ಲ, ಮೊಸಳೆ ಇಲ್ಲ.

ಈ ಪತ್ರವನ್ನು ಸಾವಿರ ಜನರಿಗೆ ಕಳಿಸಲು ಬರುವುದಿಲ್ಲ. ಅದರ ಶಕ್ತಿ ಇರುವುದೇ ಅಲ್ಲಿ. ಒಂದನ್ನು ಬರೆಯಲು ಅರ್ಧ ದಿನ ಓದಬೇಕು, ಕ್ಯಾಟಲಾಗು ತಿರುವಬೇಕು, ಮಾಲೀಕರನ್ನು ಹಿಂದಿಯಲ್ಲಿ ಸಂಬೋಧಿಸಬೇಕೋ ಇಂಗ್ಲಿಷಿನಲ್ಲೋ ಎಂದು ಯೋಚಿಸಬೇಕು. 2023ರ ಜನವರಿಯಿಂದ ಎನ್‌ಸಿಆರ್‌ನ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಉರಿಸಕೂಡದೆಂದು ವಾಯು ಗುಣಮಟ್ಟ ಆಯೋಗ ಆದೇಶಿಸಿದಾಗ ಪಾಣಿಪತ್‌ನ ಬಣ್ಣದ ಗಿರಣಿಗಳಿಗೆ ಬಾಯ್ಲರ್ ಬಲ್ಲವರ ಇಂಥ ಪತ್ರವೇ ಬೇಕಿತ್ತು. "ನಿಮ್ಮ ಬ್ರ್ಯಾಂಡ್ ಕಥೆ ಹೇಳುತ್ತೇವೆ" ಎಂಬ ಟೆಂಪ್ಲೇಟ್ ಇಟ್ಟುಕೊಂಡು ಅವರು ಏನು ಮಾಡಬೇಕಿತ್ತು, ಒಲೆಗೆ ಹಾಕಬೇಕಿತ್ತೇ?

ಆದ್ದರಿಂದ ಗುರುಗ್ರಾಮ, ನೊಯ್ಡಾಗಳ ಕನ್ಸಲ್ಟಿಂಗ್ ಸಂಸ್ಥೆಗಳು ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳ ತಲೆಯ ಮೇಲೆ ಹೇರಿರುವ "ದಿನಕ್ಕೆ ಇಷ್ಟು ಮೆಸೇಜು" ಎಂಬ ಟಾರ್ಗೆಟ್ಟನ್ನು ಮೊದಲು ತೆಗೆಯಲಿ. ಇಷ್ಟು ಕಾರ್ಖಾನೆಗಳ ಬಗ್ಗೆ ಓದಿ ಟಿಪ್ಪಣಿ ಬರೆದಿರಾ ಎಂದು ಕೇಳಲಿ. ತರಬೇತುದಾರರು ತಮ್ಮ ಶಿಷ್ಯರಲ್ಲಿ ಎಷ್ಟು ಮಂದಿಗೆ ಕ್ಲೈಂಟ್ ಸಿಕ್ಕರು, ಎಷ್ಟು ಮಂದಿಯ ಡೊಮೇನು ಕೆಟ್ಟಿತು ಎಂಬ ಎರಡೂ ಲೆಕ್ಕ ಪ್ರಕಟಿಸಲಿ. ಪ್ರಕಟಿಸದವರಿಗೆ ಶುಲ್ಕ ಕಟ್ಟಬೇಡಿ. ಮಾಲೀಕರೂ ಒಂದು ಉಪಕಾರ ಮಾಡಬಹುದು: ಟೆಂಪ್ಲೇಟನ್ನು ಸುಮ್ಮನೆ ಅಳಿಸುವ ಬದಲು ಸ್ಪ್ಯಾಮ್ ಎಂದು ಗುರುತಿಸಿ, ನಿಜವಾದ ಪತ್ರ ಬಂದಾಗ ಬೇಡವೆಂದಾದರೂ ಒಂದು ಸಾಲು ಉತ್ತರಿಸಿ. ಇನ್ನು, ನಾಳೆ ಬೆಳಿಗ್ಗೆ ಸಾವಿರ ಜನರಿಗೆ ಕಳಿಸಲು ಬಟನ್ ಮೇಲೆ ಬೆರಳಿಟ್ಟು ಕೂತಿರುವವರು ಆ ಪಟ್ಟಿಯನ್ನು ಅಳಿಸಿಹಾಕಿ, ತಾವು ನಿಜವಾಗಿ ನೆರವಾಗಬಲ್ಲ ಐದು ಸಂಸ್ಥೆಗಳ ಹೆಸರು ಬರೆದುಕೊಳ್ಳಿ. ಐದು ಹೆಸರೂ ಹೊಳೆಯದಿದ್ದರೆ ನಿಮ್ಮ ಕೊರತೆ ಮೆಸೇಜಿನದಲ್ಲ. ಮೊದಲು ಹೋಗಿ ಒಂದು ಕೆಲಸ ಕಲಿತು ಬನ್ನಿ.